ನಿಂಬೆಹಣ್ಣಿನ ಮಿಸ್ಸು

ನಮ್ಮ ಮನೆಯ ಚಪ್ಪಲಿ ಸ್ಟ್ಯಾಂಡಿನ ಮೇಲೆ ಒಂದು ಡಸ್ಟರ್ ಇದೆ. ಅದರಲ್ಲಿ ನಮ್ಮ ಯಜಮಾನರು ಶೂ ಒರೆಸುತ್ತಾರೆ. ಜಯನಗರದ ಒಂದು ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಪಾಠ ಮಾಡಿ ರಿಟೈರಾದ ದಿನ, ನಾನಾಗಿ ಬಾಯಿಬಿಟ್ಟು ಕೇಳಿ ತಂದ ವಸ್ತು ಅದೊಂದೇ. ಶಾಲು, ಹಾರ, ಗಾಜಿನೊಳಗೆ ಕೂತ ಗಣಪತಿ ಎಲ್ಲವನ್ನೂ ಶಾಲೆಯವರಾಗಿಯೇ ಕೊಟ್ಟರು. ಗಣಪತಿ ಶೋಕೇಸಿಗೆ ಹೋದ, ಡಸ್ಟರು ಚಪ್ಪಲಿ ಸ್ಟ್ಯಾಂಡಿಗೆ ಬಂತು.

"ಅಯ್ಯೋ, ಅದು ಬೋರ್ಡ್ ಒರೆಸಿದ್ದು ಕಣ್ರೀ, ಸ್ವಲ್ಪ ಮರ್ಯಾದೆ ಕೊಡಿ" ಎಂದರೆ, "ಬೋರ್ಡ್ ಎಲ್ಲೈತೆ ಈಗ? ಶೂ ಐತೆ" ಎನ್ನುತ್ತಾರೆ. ಬ್ಯಾಂಕಿನಲ್ಲಿದ್ದವರು, ಯಾವುದನ್ನೂ ಸುಮ್ಮನೆ ಕೂರಿಸುವ ಜಾಯಮಾನ ಅವರದಲ್ಲ.

ಆದರೆ ಈಚೆಗೊಂದು ದಿನ ಆ ಡಸ್ಟರನ್ನು ಕಂಡಾಗ ನನಗೆ ಅಳು ಬಂದುಬಿಟ್ಟಿತು. ಯಾಕೆಂದು ಹೇಳುತ್ತೇನೆ. ಸುತ್ತಿ ಬಳಸಿ ಹೇಳುತ್ತೇನೆ, ಮೇಷ್ಟ್ರ ಚಾಳಿ, ತಾಳಿಕೊಳ್ಳಬೇಕು.

ನಾನು ಹುಟ್ಟಿ ಬೆಳೆದದ್ದು ಕೋಣನಕುಂಟೆಯಲ್ಲಿ. ಈಗ ಅಲ್ಲಿ ಮೆಟ್ರೋ ನಿಲ್ಲುತ್ತದೆ, ಆಗ ಎಮ್ಮೆ ನಿಲ್ಲುತ್ತಿದ್ದವು. ನಮ್ಮಪ್ಪ ಕನಕಾಂಬರ ಬೆಳೆಯುತ್ತಿದ್ದರು. ನಮ್ಮ ಶಾಲೆಯ ಬೋರ್ಡೆಂದರೆ ಗೋಡೆಗೇ ಬಳಿದ ಕಪ್ಪು. ಶನಿವಾರ ಬೆಳಗಿನ ಕ್ಲಾಸು ಮುಗಿದ ಮೇಲೆ ತೊಂಡೆ ಎಲೆಯನ್ನೂ ಇದ್ದಿಲನ್ನೂ ಅರೆದು ಅದಕ್ಕೆ ಬಳಿಯುವ ಕೆಲಸ ಹೆಣ್ಣುಮಕ್ಕಳದು. ಕೈ ಎರಡು ದಿನ ಹಸಿರುಗಪ್ಪು. ಭಾನುವಾರ ಆ ಕೈಯಲ್ಲೇ ಮುದ್ದೆ ಮುರಿಯುವಾಗ ಅಮ್ಮ ಬೈದು ಬೈದು ಸುಸ್ತಾಗುತ್ತಿದ್ದಳು. ಬೋರ್ಡು ಒರೆಸುವ ಮಾನಿಟರ್ ನಾನೇ ಆಗಿದ್ದೆ. ಒರೆಸುವುದನ್ನು ಮರೆತು ಹೊರಗೆ ಓಡಿದರೆ ನಮ್ಮ ತಿಮ್ಮಯ್ಯ ಮೇಷ್ಟ್ರು ಹಿಂದಿನಿಂದ ಕೂಗುತ್ತಿದ್ದರು: "ಏನಮ್ಮಾ, ಉಂಡೆಲೆ ಎತ್ತದೇ ಹೊಂಟ್ಯಾ?"

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮುಂದೆ ನಾನೇ ಮಿಸ್ ಆದಾಗ ಬೋರ್ಡು ಒರೆಸದೆ ಒಂದು ದಿನವೂ ಕ್ಲಾಸಿನಿಂದ ಹೊರಗೆ ಬಂದಿಲ್ಲ. ಇದರಲ್ಲಿ ಸ್ವಾರ್ಥವೂ ಇತ್ತು. ಮೂವತ್ತೆರಡು ವರ್ಷದಲ್ಲಿ ಬೋರ್ಡಿನ ಮೇಲೆ ನಾನು ತಪ್ಪು ಬರೆಯಲಿಲ್ಲವೇ? ಬೇಕಾದಷ್ಟು ಬರೆದೆ. ಹಿಂದಿನ ಬೆಂಚಿನಿಂದ ಯಾರಾದರೂ "ಮಿಸ್, ಅಲ್ಲಿ ಮೈನಸ್ ಬರಬೇಕು" ಎಂದರೆ, "ಗೊತ್ತು ಕಣೋ, ನೀವು ನೋಡ್ತಾ ಇದ್ದೀರಾ ಇಲ್ವಾ ಅಂತ ಟೆಸ್ಟ್ ಮಾಡ್ದೆ" ಎಂದು ಗಂಭೀರವಾಗಿ ಒರೆಸುತ್ತಿದ್ದೆ. ಪಾಠ ಮಾಡುವವರೆಲ್ಲರೂ ಹೇಳುವ ಸುಳ್ಳು ಇದು. ನಿಮ್ಮ ಮೇಷ್ಟ್ರೂ ಹೇಳಿರುತ್ತಾರೆ, ನೀವು ನಂಬಿರುತ್ತೀರಿ.

ಆಮೇಲೆ ಕೊರೊನಾ ಬಂತು. ಶಾಲೆಗೆ ಬೀಗ ಬಿತ್ತು. ನಮ್ಮ ಹೆಡ್‌ಮಿಸ್ಸು ಫೋನ್ ಮಾಡಿ, ಪ್ರತಿಯೊಬ್ಬರೂ ಪಾಠದ ವಿಡಿಯೋ ಮಾಡಿ ಕಳಿಸಲೇಬೇಕು ಎಂದರು. ನನಗಾಗ ಫೋನಿನಲ್ಲಿ ಬರುತ್ತಿದ್ದದ್ದು ಎರಡೇ ವಿದ್ಯೆ, ಎತ್ತುವುದು ಮತ್ತು ಇಡುವುದು. ಬನಶಂಕರಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ರವೆ ಡಬ್ಬಕ್ಕೆ ಫೋನ್ ಒರಗಿಸಿದೆ. ಏಳು ಗಂಟೆಯ ಮೇಲೆ ತರಕಾರಿ ಗಾಡಿಯ ಮೈಕು ಶುರುವಾಗುವುದರಿಂದ ಬೆಳಗಾಗುವ ಹೊತ್ತಿಗೇ ಕೂತೆ. ಸೊಂಟದಿಂದ ಮೇಲೆ ಮಾತ್ರ ಕಾಣುತ್ತದೆಂದು ನೈಟಿಯ ಮೇಲೇ ಸೀರೆ ಸೆರಗು ಹೊದ್ದು ಪಿನ್ ಹಾಕಿಕೊಂಡಿದ್ದೆ.

ಅವತ್ತಿನ ಪಾಠ ಚಂದ್ರ ಯಾಕೆ ದಿನದಿನಕ್ಕೆ ಆಕಾರ ಬದಲಿಸುತ್ತಾನೆ ಎಂಬುದು. ಟಾರ್ಚು ಸೂರ್ಯ, ತೆಂಗಿನಕಾಯಿ ಭೂಮಿ, ನಿಂಬೆಹಣ್ಣು ಚಂದ್ರ. ಚೆನ್ನಾಗಿಯೇ ಹೋಗುತ್ತಿತ್ತು. ಅಷ್ಟರಲ್ಲಿ ಹೊರಗಿನಿಂದ ಯಜಮಾನರು ಬೀದಿಗೆಲ್ಲ ಕೇಳುವಂತೆ ಕೂಗಿದರು: "ರತ್ನಾ, ಕಾವೇರಿ ಬಂತು! ಮೋಟ್ರು ಹಾಕ್ಲಾ?"

ನಮ್ಮ ರಸ್ತೆಗೆ ಕಾವೇರಿ ನೀರು ದಿನ ಬಿಟ್ಟು ದಿನ, ಅದರ ಮನಸ್ಸಿಗೆ ಬಂದ ಹೊತ್ತಿಗೆ ಬರುತ್ತದೆ. ಬಂದಾಗ ಮನೆಯಲ್ಲಿ ಪೂಜೆಯೂ ನಿಲ್ಲಬೇಕು, ಜಗಳವೂ ನಿಲ್ಲಬೇಕು. ನನ್ನ ತಲೆ ಆ ಕ್ಷಣದಲ್ಲಿ ಸಂಪಿನ ಮುಚ್ಚಳಕ್ಕೂ ವಾಷಿಂಗ್ ಮೆಷಿನ್ನಿಗೂ ಓಡಿಹೋಯಿತು. ಬಾಯಿ ಮಾತ್ರ ಪಾಠ ಮಾಡುತ್ತಲೇ ಇತ್ತು. ಏನು ಹೇಳಿತೋ ನನಗೆ ಗೊತ್ತಿಲ್ಲ. ನನ್ನ ಮುಖವನ್ನು ನಾನೇ ನೋಡಲು ನಾಚಿಕೆಯಾಗಿ, ಒಂದು ಸಲವೂ ನೋಡದೆ ಕಳಿಸಿ, ಬಕೆಟ್ ಹಿಡಿದು ಎದ್ದೆ. ಉಂಡೆಲೆ ಎತ್ತಲಿಲ್ಲ.

ಇಷ್ಟು ಹಿನ್ನೆಲೆ. ಮುಂದಿನದು ಈ ವರ್ಷದ್ದು.

ಸರ್ಕಾರಿ ಶಾಲೆಗಳಿಗೆ ದೊಡ್ಡ ಟಿವಿ ಕೊಡಿಸುವ ಒಂದು ಸಂಸ್ಥೆಯಿಂದ ಶ್ವೇತಾ ಎಂಬಾಕೆ ಫೋನ್ ಮಾಡಿದಳು. ರಿಟೈರಾದ ಟೀಚರುಗಳು ವಾರಕ್ಕೊಂದು ದಿನ ಶಾಲೆಗೆ ಹೋಗಿ, ಟಿವಿ ಬಳಸಿ ಪಾಠ ಮಾಡುವುದಕ್ಕೆ ಅಲ್ಲಿನವರಿಗೆ ನೆರವಾಗಬೇಕಂತೆ. ನಾನು ಒಪ್ಪಿಬಿಟ್ಟೆ. ಯಾವ ವೈರು ಯಾವ ತೂತಿಗೆ ಎಂದು ನಾನು ಕಲಿಯುವುದಕ್ಕೇ ಮೂರು ದಿನ ಹಿಡಿಯಿತು ಎಂಬುದು ನಮ್ಮಲ್ಲೇ ಇರಲಿ. ನನಗೆ ಬಿಳೇಕಹಳ್ಳಿಯ ಕಡೆಯ ಒಂದು ಶಾಲೆ ಬಂತು.

ಮೊದಲ ದಿನ ಯಜಮಾನರು ಸ್ಕೂಟರಿನಲ್ಲಿ ಬಿಟ್ಟರು. ನಾನು ಗೇಟು ದಾಟಿದ ಮೇಲೆ ಹಿಂದಿನಿಂದ, "ರತ್ನಾ, ನೀರಿನ ಬಾಟ್ಲು ಬಿಟ್ಟೋದೆ!" ಎಂದು ಅವರ ಎಂದಿನ ಗಂಟಲಿನಲ್ಲಿ ಕೂಗಿದರು.

ಮೈದಾನದಲ್ಲಿದ್ದ ಮಕ್ಕಳು ಥಟ್ಟನೆ ತಿರುಗಿ ನೋಡಿದರು. ಮರುಕ್ಷಣ ಹತ್ತಿಪ್ಪತ್ತು ಗಂಟಲು ಒಟ್ಟಿಗೆ, "ರತ್ನಾ, ಕಾವೇರಿ ಬಂತು! ಮೋಟ್ರು ಹಾಕ್ಲಾ?"

ಯಜಮಾನರ ಕೈಯಿಂದ ಸ್ಕೂಟರ್ ಬೀಳುವುದೊಂದು ಬಾಕಿ. ಯಾವತ್ತೂ ನೋಡದ ಊರಿನ, ಯಾವತ್ತೂ ನೋಡದ ಮಕ್ಕಳಿಗೆ ನಮ್ಮ ಮನೆಯ ಮೋಟರಿನ ಸುದ್ದಿ ಹೇಗೆ ಗೊತ್ತು? ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಹತ್ತಿರ ಬಂದು ನನ್ನ ಮುಖವನ್ನೇ ಪರೀಕ್ಷಿಸಿ, "ನೀವು ನಿಂಬೆಹಣ್ಣಿನ ಮಿಸ್ ಅಲ್ವಾ?" ಎಂದು ಕೇಳಿದಳು.

ವಿಜ್ಞಾನದ ಟೀಚರ್ ಗಿರಿಜಾ ಮೇಡಂ ಓಡಿಬಂದು ಬಿಡಿಸಿ ಹೇಳಿದರು. ಕೊರೊನಾ ಕಾಲದ ನಮ್ಮ ವಿಡಿಯೋಗಳನ್ನು ನಮ್ಮ ಹೆಡ್‌ಮಿಸ್ಸಿನಿಂದ ಆ ಸಂಸ್ಥೆ ತೆಗೆದುಕೊಂಡು, ಪೆನ್ ಡ್ರೈವಿಗೆ ಹಾಕಿ, ಟಿವಿಯ ಜೊತೆಗೇ ಶಾಲೆ ಶಾಲೆಗೆ ಹಂಚಿದೆ. ನನಗೆ ಒಂದು ಮಾತೂ ಗೊತ್ತಿರಲಿಲ್ಲ. "ನಿಮ್ಮ ವಿಡಿಯೋ ಅಂದ್ರೆ ಮಕ್ಕಳಿಗೆ ಪ್ರಾಣ ಮೇಡಂ. ನಮಗೂ ಅಷ್ಟೇ. ಆ ಸರ್ವೆ, ಈ ಲಿಸ್ಟು, ಮೊಟ್ಟೆ, ಬಾಳೆಹಣ್ಣು ಅಂತ ಪಾಠಕ್ಕೇ ಟೈಮ್ ಸಿಗಲ್ಲ. ದೇವರು ಬಂದಂಗೆ ಬಂದ್ರಿ ನೀವು" ಎಂದರು ಗಿರಿಜಾ. ಮೂರು ಸಬ್ಜೆಕ್ಟು, ಬಿಸಿಯೂಟ, ಎಲ್ಲ ಒಬ್ಬರ ತಲೆಯ ಮೇಲೆ. ಅವರ ಮಾತಿನಲ್ಲಿ ಉಪಚಾರವಿರಲಿಲ್ಲ.

ಸುಳ್ಳು ಯಾಕೆ ಹೇಳಲಿ, ನಾನು ಉಬ್ಬಿಹೋದೆ. ಏಳನೇ ಕ್ಲಾಸಿನಲ್ಲಿ ನನ್ನನ್ನು ಕುರ್ಚಿ ಹಾಕಿ ಕೂರಿಸಿ, ನನ್ನ ಗೌರವಾರ್ಥವಾಗಿ ನನ್ನದೇ ವಿಡಿಯೋ ಹಾಕಿದರು. ಟಿವಿಯಲ್ಲಿ ನಾನು ದೊಡ್ಡ ಗಾತ್ರದಲ್ಲಿ ಪ್ರತ್ಯಕ್ಷಳಾದೆ. ಕೂತವಳ ಮಂಡಿಯ ಹತ್ತಿರ ನೈಟಿಯ ಹೂವು ಕಾಣುತ್ತಿದೆ! ಹಿಂದಿನ ಬೀರುವಿನ ಕನ್ನಡಿಯಲ್ಲಿ ಬನಿಯನ್ ತೊಟ್ಟ ಯಜಮಾನರು ಸಂಪಿನ ಮುಚ್ಚಳದ ಕೊಕ್ಕೆ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದಾರೆ! ಇಷ್ಟು ವರ್ಷ ಎಷ್ಟು ಶಾಲೆಯ ಎಷ್ಟು ಮಕ್ಕಳು ಇದನ್ನು ನೋಡಿದರೋ ಶಿವನೇ ಬಲ್ಲ. ನಾನು ಸೆರಗನ್ನು ಎಳೆದು ಎಳೆದು ಹೊದ್ದುಕೊಂಡೆ, ಅದು ಆ ನೈಟಿಯನ್ನು ಮುಚ್ಚುತ್ತದೋ ಎಂಬಂತೆ.

ಆಮೇಲೆ ಕಾವೇರಿ ಬಂತು. ಮಕ್ಕಳು ಕುಣಿದು ಕೂಗಿದರು. ಅದರ ಬೆನ್ನಿಗೇ ಟಿವಿಯೊಳಗಿನ ನಾನು ತೆಂಗಿನಕಾಯಿಯನ್ನು ನಿಂಬೆಹಣ್ಣಿಗೆ ಅಡ್ಡ ಹಿಡಿದು ನಗುನಗುತ್ತಾ ಹೇಳಿದೆ: "ನೋಡಿದ್ರಾ ಮಕ್ಕಳೇ, ಭೂಮಿಯ ನೆರಳು ಬೀಳುತ್ತಲ್ಲ, ಅದಕ್ಕೇ ಚಂದ್ರ ದಿನಾ ದಿನಾ ಸವೆಯೋದು."



ತಪ್ಪು! ಶುದ್ಧ ತಪ್ಪು! ಭೂಮಿಯ ನೆರಳು ಬೀಳುವುದು ಗ್ರಹಣದ ದಿನ. ದಿನದಿನದ ಆಕಾರಕ್ಕೂ ಆ ನೆರಳಿಗೂ ಯಾವ ಸಂಬಂಧವೂ ಇಲ್ಲ. ಚಂದ್ರನ ಅರ್ಧಭಾಗದ ಮೇಲೆ ಯಾವಾಗಲೂ ಬಿಸಿಲಿರುತ್ತದೆ. ಅವನು ಸುತ್ತುತ್ತಾ ಇರುವುದರಿಂದ ಆ ಬಿಸಿಲಿನ ಭಾಗ ನಮಗೊಮ್ಮೆ ಪೂರ್ತಿ, ಒಮ್ಮೆ ಅರ್ಧ, ಒಮ್ಮೆ ಚೂರು ಕಾಣುತ್ತದೆ. ಇದನ್ನು ನಾನು ಮೂವತ್ತೆರಡು ವರ್ಷ ಬೋರ್ಡಿನ ಮೇಲೆ ಸರಿಯಾಗಿ ಹೇಳಿಕೊಟ್ಟಿದ್ದೇನೆ. ಒಂದೇ ಒಂದು ಸಲ, ಬಕೆಟ್ಟಿನ ಚಿಂತೆಯಲ್ಲಿ, ತಪ್ಪು ಹೇಳಿದ್ದೇನೆ. ಉಳಿದುಕೊಂಡಿರುವುದು ಅದೊಂದೇ!

ಇನ್ನೂ ಘೋರವಾದದ್ದು ಮುಂದಿತ್ತು. ಇಡೀ ಕ್ಲಾಸು ನನ್ನ ಜೊತೆಯಲ್ಲಿ ರಾಗವಾಗಿ ಅದೇ ವಾಕ್ಯವನ್ನು ಹೇಳಿತು. ಎಲ್ಲರಿಗೂ ಬಾಯಿಪಾಠ. ಮೂರನೇ ಸಾಲಿನ ಒಬ್ಬಳು ಹುಡುಗಿ ಮಾತ್ರ ಬಾಯಿ ಬಿಡಲಿಲ್ಲ. ಅವಳು ಟಿವಿಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಎದ್ದು ನಿಂತು ಹೇಳಬೇಕಿತ್ತು. ಹೇಳಲಿಲ್ಲ. ಗಿರಿಜಾ ಮೇಡಂ ಬಾದಾಮಿ ಹಾಲು ತರಿಸಿದ್ದರು, ಕುಡಿದೆ. ಮಕ್ಕಳು ಚಪ್ಪಾಳೆ ತಟ್ಟಿದರು, ಕೈ ಮುಗಿದೆ. ಹೊರಟುಬಿಟ್ಟೆ. ಎಂಥ ಹೇಡಿ ನೋಡಿ.

ಗೇಟಿನ ಹತ್ತಿರ ಮೂರನೇ ಸಾಲಿನ ಆ ಹುಡುಗಿ ಓಡಿಬಂದಳು. ಹೆಸರು ಸಹನಾ. ಅವಳಮ್ಮನದು ಅಲ್ಲೇ ಅಡ್ಡರಸ್ತೆಯಲ್ಲಿ ಇಸ್ತ್ರಿ ಗಾಡಿ. ಮಡಚಿ ಮಡಚಿ ಮೆತ್ತಗಾದ ಟೆಸ್ಟ್ ಪೇಪರನ್ನು ನನ್ನ ಮುಂದೆ ಹಿಡಿದಳು. ಚಂದ್ರನ ಪ್ರಶ್ನೆಗೆ ಅವಳು ಸರಿಯಾದ ಉತ್ತರವನ್ನೇ ಬರೆದಿದ್ದಳು. ಅದರ ಮೇಲೆ ಕೆಂಪು ಇಂಕಿನಲ್ಲಿ ಅಡ್ಡಗೆರೆ, ಪಕ್ಕದಲ್ಲಿ ಸೊನ್ನೆ.

"ಮಿಸ್, ಸಾಯಂಕಾಲ ಅಮ್ಮನ ಗಾಡಿ ಹತ್ರ ಇರ್ತೀನಲ್ಲ, ಆಗ ಸೂರ್ಯನೂ ಕಾಣ್ತಾನೆ, ಅರ್ಧ ಚಂದ್ರನೂ ಕಾಣ್ತಾನೆ. ಒಂದು ಈ ಕಡೆ ತಗ್ಗಲ್ಲಿ, ಒಂದು ತಲೆ ಮೇಲೆ. ಎರಡೂ ನಮ್ಮೆದುರಿಗೇ ಇದ್ರೆ ಭೂಮಿ ಮಧ್ಯಕ್ಕೆ ಎಲ್ಲಿಂದ ಬಂತು? ನೆರಳು ಹೆಂಗೆ ಬೀಳುತ್ತೆ?"

ಮೂವತ್ತೆರಡು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇಷ್ಟು ಚೆನ್ನಾಗಿ ನನ್ನನ್ನು ಕೇಳಿರಲಿಲ್ಲ.

"ಗಿರಿಜಾ ಮಿಸ್‌ಗೆ ಹೇಳ್ದೆ. ಟಿವಿ ಮಿಸ್‌ಗಿಂತ ನಿಂಗೆ ಜಾಸ್ತಿ ಗೊತ್ತಾ ಅಂದ್ರು. ನಾನು ಮತ್ತೆ ಮತ್ತೆ ಕೇಳ್ದೆ. ಎದುರು ಮಾತಾಡ್ತೀಯ ಅಂತ ಸೈನ್ಸ್ ಮೇಳದಿಂದ ಹೆಸರು ತೆಗೆದ್ರು. ಮುಂದಿನ ತಿಂಗಳು ಮೇಳ." ಅವಳು ಅಳುತ್ತಿರಲಿಲ್ಲ. ಪೇಪರನ್ನು ಮತ್ತೆ ಹಾಗೇ ಮಡಚಿದಳು. "ಮಿಸ್, ನಾನು ನೋಡಿದ್ದು ತಪ್ಪಾ?"

"ಮುಂದಿನ ವಾರ ಬಂದು ಹೇಳ್ತೀನಮ್ಮಾ" ಎಂದೆ. ಆ ಉತ್ತರ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಒಂದೇ ಮಾತು ಸಾಕಾಗಿತ್ತು.

ಮನೆಗೆ ಬಂದವಳೇ ಶ್ವೇತಾಗೆ ಫೋನ್ ಹಚ್ಚಿ, ಆ ವಿಡಿಯೋ ತೆಗೆಸಮ್ಮಾ ಎಂದೆ. "ಎಲ್ಲಿಂದ ತೆಗೆಸ್ಲಿ ಮ್ಯಾಮ್? ಎಷ್ಟು ಪೆನ್ ಡ್ರೈವಿಗೆ ಹೋಗಿದೆಯೋ ನಮಗೇ ಲೆಕ್ಕ ಇಲ್ಲ. ಟೀಚರ್ಸ್ ಗ್ರೂಪುಗಳಲ್ಲಿ ಈಗ್ಲೂ ಫಾರ್ವರ್ಡ್ ಆಗ್ತಾ ಇದೆ. ಬೇಕಾದ್ರೆ ಹೊಸದೊಂದು ಮಾಡ್ಕೊಡಿ, ಹಾಕ್ತೀವಿ. ಆದ್ರೆ ಹಳೇದನ್ನ ವಾಪಸ್ ಕರೆಯೋಕಾಗಲ್ಲ" ಎಂದಳು. ಆಮೇಲೆ ಸಮಾಧಾನಕ್ಕೆಂದು, "ಇಲ್ಲೀವರೆಗೆ ಒಬ್ರೂ ಕಂಪ್ಲೇಂಟ್ ಮಾಡಿಲ್ಲ ಮ್ಯಾಮ್, ಫುಲ್ ಹಿಟ್ ಅದು" ಎಂದು ಸೇರಿಸಿದಳು. ಅಯ್ಯೋ ದೇವರೇ, ಅದೇ ಅಲ್ಲವೇ ನನ್ನ ಸಂಕಟ!

ಫೋನಿಟ್ಟು ತಿರುಗಿದರೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಡಸ್ಟರು. ಆಗಲೇ ಅಳು ಬಂದದ್ದು. ಯಜಮಾನರು ಗಾಬರಿಯಾಗಿ ವಿಷಯ ಕೇಳಿ, ಮೊದಲು ಬನಿಯನ್ನಿನ ಭಾಗಕ್ಕೆ ನಕ್ಕರು, ಸಹನಾಳ ಭಾಗಕ್ಕೆ ನಗು ನಿಲ್ಲಿಸಿದರು. ಆಮೇಲೆ, "ಕೂಗಿದ್ದು ನಾನಲ್ವಾ? ನಾನೇ ಬಂದು ತಪ್ಪಾಯ್ತು ಅಂತ ಹೇಳ್ಲಾ?" ಎಂದು ಕೇಳಿದರು. ಬೇಡವೆಂದೆ. ಕೂಗಿದ್ದು ಅವರಾದರೂ ಹೇಳಿದ್ದು ನಾನು.

ಗೋಡೆಯ ಕ್ಯಾಲೆಂಡರ್ ನೋಡಿದೆ. ಮುಂದಿನ ವಾರ ನಾನು ಹೋಗುವ ದಿನ ಹುಣ್ಣಿಮೆ ಕಳೆದ ಅಷ್ಟಮಿ. ಬೆಳಗ್ಗೆ ಶಾಲೆಯ ಹೊತ್ತಿಗೆ ಪಡುವಣದಲ್ಲಿ ಅರ್ಧ ಚಂದ್ರ ಇನ್ನೂ ಇರುತ್ತಾನೆ. ಮೋಡ ಬರದಿದ್ದರೆ ಸಾಕು ಎಂದು ವಾರವೆಲ್ಲ ಆಕಾಶ ನೋಡಿದೆ. ಹಪ್ಪಳ ಒಣಗಿಸುವಾಗಲೂ ಅಷ್ಟು ನೋಡಿರಲಿಲ್ಲ.

ಆ ದಿನ ಬ್ಯಾಗಿನಲ್ಲಿ ನಿಂಬೆಹಣ್ಣು ಹಾಕಿಕೊಂಡು ಹೋದೆ. ಗಿರಿಜಾ ಮೇಡಂಗೆ ಹೇಳಿ ವಿಡಿಯೋ ಹಾಕಿಸಿದೆ. ಕಾವೇರಿ ಬಂದು, ನೆರಳಿನ ಮಾತು ಮುಗಿದ ಕೂಡಲೇ ನಿಲ್ಲಿಸಿದೆ. ಟಿವಿಯೊಳಗಿನ ನಾನು ಬಾಯಿ ತೆರೆದುಕೊಂಡು ನಿಂತಳು. ಹೊರಗಿನ ನಾನು ಅವಳ ಪಕ್ಕದಲ್ಲಿ ನಿಂತು, "ಮಕ್ಕಳೇ, ಇದು ತಪ್ಪು. ನಾನು ತಪ್ಪು ಹೇಳಿದ್ದೀನಿ" ಎಂದೆ.

ಮುಂದಿನ ಬೆಂಚಿನ ಒಬ್ಬ ಎದ್ದುನಿಂತು ನನಗೆ ಧೈರ್ಯ ತುಂಬುವವನಂತೆ, "ಇಲ್ಲ ಮಿಸ್, ಸರಿಯಾಗೇ ಹೇಳಿದ್ದೀರ" ಎಂದ.

"ಇಲ್ಲಪ್ಪಾ, ತಪ್ಪು."

"ಟಿವೀಲಿ ಬಂದಿದೆ ಮಿಸ್!"

"ಟಿವೀಲಿ ಬಂದಿರೋದೂ ನಾನೇ ಅಲ್ವೇನೋ!"

"ಆಗ ನಿಮಗೆ ಚೆನ್ನಾಗಿ ನೆನಪಿತ್ತು ಮಿಸ್" ಎಂದಳು ಇನ್ನೊಬ್ಬಳು, ತುಂಬ ಮೃದುವಾಗಿ. ನಮ್ಮ ಮನೆಯ ಅಜ್ಜಿಯಂದಿರಿಗೆ ಮಾತ್ರೆ ಕೊಡುವಾಗ ನಾವು ಬಳಸುವ ದನಿ.

ನಾನು ದಂಗಾಗಿಹೋದೆ. ಜೀವಂತ ನಿಂತಿರುವ ನನಗಿಂತ ನೈಟಿ ತೊಟ್ಟ ಆ ನನ್ನನ್ನೇ ಅವರು ನಂಬುತ್ತಿದ್ದಾರೆ! ಸಹಾಯಕ್ಕೆಂದು ಗಿರಿಜಾ ಕಡೆ ತಿರುಗಿದರೆ ಅವರೂ ಮೆಲ್ಲಗೆ, "ಮೇಡಂ, ಅಪ್ರೂವ್ ಆಗೇ ಬಂದಿರುತ್ತಲ್ವಾ?" ಎಂದರು. ನನ್ನ ಎದುರಿಗೆ ನಾನೇ ವಾದಕ್ಕೆ ನಿಂತು, ಸೋತೆ.

ಇನ್ನು ಉಳಿದದ್ದು ಒಂದೇ ದಾರಿ. ಎಲ್ಲರನ್ನೂ ಮೈದಾನಕ್ಕೆ ಕರೆದೆ. ಅಪಾರ್ಟ್‌ಮೆಂಟಿನ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ, ಅರ್ಧ ಚಂದ್ರ ಮಾಸಿದ ಬಿಳಿ ಬಣ್ಣದಲ್ಲಿ ಇದ್ದ. ಬೆನ್ನ ಹಿಂದೆ ಬೆಳಗಿನ ಬಿಸಿಲು. "ಹಗಲೊತ್ತು ಚಂದ್ರ!" ಎಂದು ಅರ್ಧ ಜನ ಅಲ್ಲೇ ಬೆರಗಾದರು. ನಾನು ನಿಂಬೆಹಣ್ಣನ್ನು ಪೆನ್ಸಿಲ್ಲಿಗೆ ಚುಚ್ಚಿ ಸಹನಾಳ ಕೈಗೆ ಕೊಟ್ಟು, "ಚಂದ್ರನ ಪಕ್ಕಕ್ಕೆ ಬರೋ ಹಾಗೆ ಹಿಡಿ" ಎಂದೆ. ಅವಳು ಕೈ ನೀಡಿ, ಒಂದು ಕಣ್ಣು ಮುಚ್ಚಿ, ಹಿಡಿದಳು. ಹಿಡಿದವಳೇ, "ಅಯ್ಯಮ್ಮಾ! ಒಂದೇ ಥರ ಇದೆ!" ಎಂದು ಕೂಗಿದಳು.

ಒಂದೇ ಥರ ಇತ್ತು. ಬಿಸಿಲು ಬಿದ್ದ ಅರ್ಧ ನಿಂಬೆಹಣ್ಣು, ಬಿಸಿಲು ಬಿದ್ದ ಅರ್ಧ ಚಂದ್ರ. ಅದೇ ಓರೆ, ಅದೇ ಅರ್ಧ. ನೆರಳು ಹಾಕಲು ಮಧ್ಯದಲ್ಲಿ ಯಾರೂ ಇರಲಿಲ್ಲ. ಒಬ್ಬೊಬ್ಬರಾಗಿ ಹಿಡಿದು ನೋಡಿದರು. ಮುಂದಿನ ಬೆಂಚಿನ ಭಕ್ತ ಮೂರು ಸಲ ನೋಡಿದ. ಕೊನೆಗೆ ಗಿರಿಜಾ ಮೇಡಂ ಹಿಡಿದು ನೋಡಿದರು. ಕೈ ಇಳಿಸಿ, ಅದನ್ನೇ ಸಹನಾಳ ಕಡೆ ಚಾಚಿ, "ಆ ಟೆಸ್ಟ್ ಪೇಪರ್ ಕೊಡು ಇಲ್ಲಿ" ಎಂದರು. ಅಲ್ಲೇ ಮೈದಾನದಲ್ಲಿ ನನ್ನ ಬೆನ್ನಿಗೆ ಪೇಪರ್ ಇಟ್ಟುಕೊಂಡು ಸೊನ್ನೆ ಹೊಡೆದುಹಾಕಿ ಐದು ಬರೆದರು. ಮೇಳದ ಪಟ್ಟಿಯಲ್ಲಿ ಅವಳ ಹೆಸರು ಮತ್ತೆ ಸೇರಿತು. ಗಿರಿಜಾ ಮೇಡಂ ಮೇಲೆ ನನಗೆ ತುಂಬ ಗೌರವ ಬಂತು. ನನಗೆ ಒಂದು ವಾರ ಹಿಡಿದದ್ದು ಅವರಿಗೆ ಒಂದು ನಿಂಬೆಹಣ್ಣಿನಷ್ಟು ಹೊತ್ತಿಗೆ ಸಾಧ್ಯವಾಯಿತು.

ಹೊಸ ವಿಡಿಯೋವನ್ನೂ ಮಾಡಿದೆವು. ಮೈದಾನದಲ್ಲಿ, ನಿಂಬೆಹಣ್ಣು ಹಿಡಿದು ಮಾತಾಡುವವಳು ಸಹನಾ, ಫೋನ್ ಹಿಡಿದವಳು ನಾನು. ಅದು ಸರಿಯಾಗಿದೆ. ಸರಿಯಾಗಿರುವುದರಿಂದಲೋ ಏನೋ, ಯಾರೂ ಅಷ್ಟಾಗಿ ಫಾರ್ವರ್ಡ್ ಮಾಡುತ್ತಿಲ್ಲ. ಹಳೆಯದು ಇನ್ನೂ ಓಡಾಡುತ್ತಲೇ ಇದೆ. ಮೊನ್ನೆ ಸುಬ್ರಹ್ಮಣ್ಯಪುರದಲ್ಲಿ ನಮ್ಮ ಅಕ್ಕನ ಮನೆಯ ಗೃಹಪ್ರವೇಶದಲ್ಲಿ ಪಕ್ಕದ ಎಲೆಗೆ ಕೂತ ಮಗುವೊಂದು ನನ್ನನ್ನು ನೋಡಿ, "ಕಾವೇರಿ ಬಂತು!" ಎಂದಿತು. ಊಟ ಬಿಟ್ಟು ಅದನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಅದಕ್ಕೇ ಈಗ ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ನಿಂಬೆಹಣ್ಣು ಇರುತ್ತದೆ. ನೋಡಿದವರು ದೃಷ್ಟಿಗೆ ಇಟ್ಟುಕೊಂಡಿದ್ದೀನಿ ಎಂದುಕೊಳ್ಳುತ್ತಾರೆ, ಅಂದುಕೊಳ್ಳಲಿ.

ಬಿಳೇಕಹಳ್ಳಿಯ ಮಕ್ಕಳಿಗೆ ಮಾತ್ರ ಹಳೆಯದೇ ಬೇಕು. ನೆರಳಿನ ಮಾತು ಬಂದ ಕೂಡಲೇ ಈಗ ಇಡೀ ಕ್ಲಾಸು ಟಿವಿಯ ಕಡೆ ಬೆರಳು ಮಾಡಿ, "ತಪ್ಪೂ ಮಿಸ್ಸ್!" ಎಂದು ಕಿರುಚುತ್ತದೆ. ಹಿಂದಿನ ಬೆಂಚಿನಲ್ಲಿ ಕೂತು ಕೇಳುವಾಗ ನನಗೆ ನಗುವೂ ಬರುತ್ತದೆ, ಕಿವಿಯೂ ಬಿಸಿಯಾಗುತ್ತದೆ.

ಒಂದು ಮಾತು ಹೇಳದೆ ಬಿಟ್ಟಿದ್ದೇನೆ, ನಾಚಿಕೆಯಿಂದ ಬಿಟ್ಟಿದ್ದೆ. ಆ ಅಷ್ಟಮಿಯ ದಿನ ಮಕ್ಕಳೆಲ್ಲ ಒಳಗೆ ಹೋದ ಮೇಲೆ ಸಹನಾ ನಿಂಬೆಹಣ್ಣನ್ನು ವಾಪಸು ಕೊಡಲು ಬಂದಳು. ವಾರದ ಹಿಂದೆ ಗೇಟಿನಲ್ಲಿ ಅವಳು ಕೇಳಿದ ಪ್ರಶ್ನೆ ನನ್ನ ಮೇಲೆ ಹಾಗೇ ಉಳಿದಿತ್ತಲ್ಲ. ನಾನು ಅವಳ ಕೈ ಹಿಡಿದುಕೊಂಡು, "ನೀನು ನೋಡಿದ್ದು ಸರಿ ಕಣಮ್ಮಾ. ನಾನು ಹೇಳಿದ್ದು ತಪ್ಪು" ಎಂದೆ.

"ಅದು ಗೊತ್ತಿತ್ತು ಮಿಸ್" ಎಂದಳು ಸಹನಾ. "ನೀವು ಹೇಳ್ತೀರೋ ಇಲ್ವೋ, ಅದು ಗೊತ್ತಿರಲಿಲ್ಲ."